ಯಾಟ್‌ಗೆ ಯಾವ ದೇಶದ ಧ್ವಜ: ಮಲೆನಾಡಿನ ಮಾಲೀಕರಿಗೆ ಒಂದು ಹೋಲಿಕೆ

ಯಾಟ್, ಅಂದರೆ ಸ್ವಂತದ ವಿಹಾರ ನೌಕೆ, ಕೊಳ್ಳಲು ಹೊರಟವರ ಮುಂದೆ ಮಾರಾಟದ ದಲ್ಲಾಳಿಗಳು ಮೊದಲು ಇಡುವುದು ಧ್ವಜಗಳ ದರಪಟ್ಟಿಯನ್ನು: ಕೇಮನ್ ದ್ವೀಪಗಳಿಗೆ ಇಷ್ಟು ಶುಲ್ಕ, ಮಾಲ್ಟಾಕ್ಕೆ ಇಷ್ಟು, ಪನಾಮಕ್ಕೆ ಇಷ್ಟು. ಚಿಕ್ಕಮಗಳೂರಿನಲ್ಲೋ ಸಕಲೇಶಪುರದಲ್ಲೋ ಕುಳಿತು ಆ ಪಟ್ಟಿಯನ್ನು ಓದುವವರು ಅದನ್ನು ಸದ್ಯಕ್ಕೆ ಮಡಿಸಿಡುವುದು ಒಳ್ಳೆಯದು. ಮರೀನಾದ ಬಾಡಿಗೆ, ವಿಮೆ, ಸಿಬ್ಬಂದಿಯ ಸಂಬಳ, ವರ್ಷಾವರ್ಷದ ದುರಸ್ತಿ ಇವುಗಳ ಮುಂದೆ ನೋಂದಣಿ ಶುಲ್ಕ ತೀರ ಸಣ್ಣ ಬಾಬತ್ತು. ಅದರಲ್ಲಿ ಉಳಿಸಲು ಹೋಗಿ ತಪ್ಪು ಧ್ವಜವನ್ನು ಆರಿಸಿಕೊಂಡರೆ ತೆರಬೇಕಾಗುವುದು ನೌಕೆಯ ಬೆಲೆಯ ಐದನೆಯ ಒಂದು ಭಾಗದಷ್ಟು ತೆರಿಗೆಯಾಗಿರಬಹುದು. ಧ್ವಜವನ್ನು ನಿರ್ಧರಿಸಬೇಕಾದ ಸಂಗತಿಗಳು ಮುಖ್ಯವಾಗಿ ಎರಡು. ಮಾಲೀಕರು ತೆರಿಗೆಯ ಲೆಕ್ಕದಲ್ಲಿ ಯಾವ ದೇಶದ ನಿವಾಸಿ ಎಂಬುದು ಒಂದು, ನೌಕೆ ವರ್ಷದ ಹೆಚ್ಚು ಕಾಲ ಯಾವ ನೀರಿನಲ್ಲಿ ಇರುತ್ತದೆ ಎಂಬುದು ಇನ್ನೊಂದು. ಈ ಹೋಲಿಕೆಯೂ ಅದೇ ಕ್ರಮದಲ್ಲಿ ಸಾಗುತ್ತದೆ.

ಧ್ವಜವೆಂದರೆ ನೌಕೆಯ ರಾಷ್ಟ್ರೀಯತೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 91ನೆಯ ವಿಧಿಯು ಹಡಗಿಗೂ ಧ್ವಜರಾಷ್ಟ್ರಕ್ಕೂ ನಿಜವಾದ ಸಂಬಂಧವಿರಬೇಕೆಂದು ಹೇಳುತ್ತದೆ. ಆದರೆ ಆ ಸಂಬಂಧ ಯಾವ ಬಗೆಯದೆಂದು ವಿವರಿಸದೆ, ನೋಂದಣಿಯ ಷರತ್ತುಗಳನ್ನು ಗೊತ್ತುಮಾಡುವ ಅಧಿಕಾರವನ್ನು ಆಯಾ ದೇಶಕ್ಕೇ ಬಿಟ್ಟಿದೆ. ಹೊರದೇಶದವರ ನೌಕೆಗಳಿಗೆ ಬಾಗಿಲು ತೆರೆದಿಟ್ಟಿರುವ ಮುಕ್ತ ನೋಂದಣಿಗಳೆಲ್ಲ ನಿಂತಿರುವುದು ಈ ಸಡಿಲಿನ ಮೇಲೆ. ಮುಂದಿನ ವಿಧಿ ಮಾತ್ರ ಸಡಿಲಿಲ್ಲದ್ದು: ಒಂದು ನೌಕೆಗೆ ಒಂದೇ ಧ್ವಜ, ಮತ್ತು ಅನುಕೂಲಕ್ಕೆ ತಕ್ಕಂತೆ ಎರಡು ಧ್ವಜಗಳನ್ನು ಬಳಸುವ ನೌಕೆಯನ್ನು ಯಾವ ದೇಶಕ್ಕೂ ಸೇರದ ನೌಕೆಯೆಂದು ಪರಿಗಣಿಸಬಹುದು. ಅಂದಹಾಗೆ, ಕಡಲೇ ಇಲ್ಲದ ದೇಶಗಳಿಗೂ ಸಮುದ್ರದಲ್ಲಿ ತಮ್ಮ ಧ್ವಜವನ್ನು ಹಾರಿಸುವ ಹಕ್ಕಿದೆಯೆಂದು 1921ರ ಬಾರ್ಸಿಲೋನಾ ಘೋಷಣೆಯೇ ಒಪ್ಪಿಕೊಂಡಿದೆ. ಸ್ವಿಟ್ಜರ್ಲೆಂಡಿನ ಸಮುದ್ರಯಾನದ ಹಡಗುಗಳ ಹಿಂಬದಿಯಲ್ಲಿ ಬಾಸೆಲ್ ಎಂಬ ಒಳನಾಡಿನ ಊರಿನ ಹೆಸರಿರುತ್ತದೆ. ಆದ್ದರಿಂದ ಘಟ್ಟದ ಮೇಲಿನವರಿಗೆ ಯಾಟ್ ಏಕೆಂದು ಕೇಳುವವರಿಗೆ ಉತ್ತರ ಹುಡುಕುವ ಕಷ್ಟವೇನೂ ಇಲ್ಲ.

ಮಾಲೀಕರು ಎಲ್ಲಿಯ ನಿವಾಸಿ

ಭಾರತದ ನಿವಾಸಿಗಳು ವಿದೇಶದಲ್ಲಿ ಇಂಥ ಆಸ್ತಿಗಾಗಿ ಹಣ ಕಳುಹಿಸುವ ದಾರಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆ, ಬ್ಯಾಂಕಿನವರ ಮಾತಿನಲ್ಲಿ ಎಲ್‌ಆರ್‌ಎಸ್. ಈ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಕಳುಹಿಸಬಹುದು. ವ್ಯಕ್ತಿ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ನಮ್ಮ ಕಡೆಯ ಎಷ್ಟೋ ಕಾಫಿ ತೋಟಗಳು ಅವಿಭಕ್ತ ಕುಟುಂಬದ ಹೆಸರಿನಲ್ಲೋ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲೋ ಇವೆ, ಬೆಳೆ ಮಾರಿದ ಹಣವೂ ಅದೇ ಖಾತೆಗೆ ಬರುತ್ತದೆ. ಆದರೆ ಅವಿಭಕ್ತ ಕುಟುಂಬ, ಪಾಲುದಾರಿಕೆ ಸಂಸ್ಥೆ, ಕಂಪನಿ, ಟ್ರಸ್ಟ್ ಇವು ಯಾವುವೂ ಈ ಯೋಜನೆಯನ್ನು ಬಳಸುವಂತಿಲ್ಲ. ಹಣವು ಮೊದಲು ಸದಸ್ಯರ ವೈಯಕ್ತಿಕ ಖಾತೆಗೆ ಕ್ರಮಬದ್ಧವಾಗಿ ಬಂದಿರಬೇಕು, ಅದರ ಲೆಕ್ಕವೂ ಇರಬೇಕು. ಮನೆಯ ನಾಲ್ವರು ತಮ್ಮ ತಮ್ಮ ಮಿತಿಯನ್ನು ಕೂಡಿಸಿ ಹತ್ತು ಲಕ್ಷ ಡಾಲರ್ ಮಾಡಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಬಂಡವಾಳದ ಸ್ವರೂಪದ ವ್ಯವಹಾರದಲ್ಲಿ ಹಾಗೆ ಕೂಡಿಸಬೇಕಾದರೆ ಹಣ ಕಳುಹಿಸುವ ಪ್ರತಿಯೊಬ್ಬರೂ ಆ ಆಸ್ತಿಯ ಸಹಮಾಲೀಕರಾಗಿರಲೇಬೇಕು. ಬ್ರಿಟಿಷ್ ಸಂಪ್ರದಾಯದ ನೋಂದಣಿಗಳಲ್ಲಿ ನೌಕೆಯ ಒಡೆತನವನ್ನು 64 ಪಾಲುಗಳಾಗಿ ವಿಂಗಡಿಸುವ ಹಳೆಯ ಪದ್ಧತಿ ಇಂದಿಗೂ ಇರುವುದರಿಂದ, ಪ್ರತಿಯೊಬ್ಬರ ಪಾಲನ್ನು ನೋಂದಣಿಯ ಪುಸ್ತಕದಲ್ಲಿಯೇ ಕಾಣಿಸಬಹುದು. ನಾಲ್ವರಿಗೆ ಹದಿನಾರು ಹದಿನಾರು ಪಾಲು ಎಂದರೆ ಬ್ಯಾಂಕಿಗೂ ಆಡಿಟರಿಗೂ ವಿವರಣೆ ಸುಲಭ. ನಮ್ಮ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ ಈ ಸಂಖ್ಯೆ ಹತ್ತು.

ಇದರ ಮೇಲೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯ ಪ್ರಶ್ನೆಯಿದೆ. ಶಿಕ್ಷಣ, ಚಿಕಿತ್ಸೆ, ಪ್ರವಾಸದ ಪ್ಯಾಕೇಜು ಬಿಟ್ಟು ಉಳಿದ ಉದ್ದೇಶಗಳಿಗೆ ವರ್ಷದಲ್ಲಿ ಹತ್ತು ಲಕ್ಷ ರೂಪಾಯಿ ಮೀರಿ ಕಳುಹಿಸಿದ ಮೊತ್ತಕ್ಕೆ ಬ್ಯಾಂಕು ಶೇ. 20ರಷ್ಟನ್ನು ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಎರಡು ಕೋಟಿ ರೂಪಾಯಿ ಕಳುಹಿಸುವವರು ಅದರ ಜೊತೆಗೆ 38 ಲಕ್ಷ ರೂಪಾಯಿಯನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕು. ಇದು ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ಸಂಬಳದಾರರಿಗೆ ಆ ಮಾತು ನಿಜ. ಕ್ಯೂರಿಂಗ್ (ಒಣಗಿದ ಕಾಫಿಯ ಹೊಟ್ಟು ತೆಗೆದು ಸಂಸ್ಕರಿಸುವುದು) ಮಾಡಿಸದೆ ಪಾರ್ಚ್‌ಮೆಂಟನ್ನೂ ಚೆರ್ರಿಯನ್ನೂ ಹಾಗೆಯೇ ಮಾರುವ ಬೆಳೆಗಾರರ ಆದಾಯವಾದರೋ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆದು ತಾವೇ ಕ್ಯೂರ್ ಮಾಡಿ ಮಾರುವವರಿಗೂ ಶೇ. 25ರಷ್ಟು ಭಾಗ ಮಾತ್ರ ತೆರಿಗೆಗೆ ಒಳಪಡುತ್ತದೆ. ವಜಾ ಮಾಡಿಕೊಳ್ಳಲು ತೆರಿಗೆಯೇ ಇಲ್ಲದವರ ಹಣ ಮರುಪಾವತಿ ಬರುವ ತನಕ ಸಿಕ್ಕಿಕೊಂಡಿರುತ್ತದೆ. ಯಾಟ್‌ನ ಮುಂಗಡ, ಕಂತು, ಸ್ವಾಧೀನದ ದಿನಾಂಕಗಳನ್ನು ಒಪ್ಪಿಕೊಳ್ಳುವ ಮೊದಲು ಈ ಲೆಕ್ಕವನ್ನು ಹಾಕಿಕೊಳ್ಳಬೇಕು. ಇಂಥ ರವಾನೆಗಾಗಿ ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ ಎಂಬುದೂ ನೆನಪಿರಲಿ.

ಹೊರದೇಶದ ಧ್ವಜವೆಂದರೆ ಗುಟ್ಟಾಗಿ ಇಡಬಹುದಾದ ಆಸ್ತಿ ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಭಾರತದಲ್ಲಿ ಸಾಮಾನ್ಯ ನಿವಾಸಿಯಾಗಿರುವವರು ವಿದೇಶದಲ್ಲಿರುವ ಪ್ರತಿಯೊಂದು ಆಸ್ತಿಯನ್ನೂ ಆದಾಯ ತೆರಿಗೆ ವಿವರಣೆಯ ವಿದೇಶಿ ಆಸ್ತಿಯ ಅನುಸೂಚಿಯಲ್ಲಿ ತೋರಿಸಲೇಬೇಕು, ಮತ್ತು ತೆರಿಗೆಗೆ ಒಳಪಡುವ ಆದಾಯವೇ ಇಲ್ಲವೆಂದು ಈವರೆಗೆ ವಿವರಣೆ ಸಲ್ಲಿಸದೆ ಇದ್ದ ಬೆಳೆಗಾರರು ಸಹ ವಿದೇಶಿ ಆಸ್ತಿ ಹೊಂದಿದ ವರ್ಷದಿಂದ ಸಲ್ಲಿಸಬೇಕಾಗುತ್ತದೆ. 2015ರ ಕಪ್ಪು ಹಣ ಕಾಯ್ದೆಯ ಪ್ರಕಾರ ತೋರಿಸದೆ ಬಿಟ್ಟದ್ದಕ್ಕೆ ದಂಡ ಹತ್ತು ಲಕ್ಷ ರೂಪಾಯಿ. ಆಸ್ತಿಯ ಹಣದ ಮೂಲವನ್ನು ವಿವರಿಸಲಾಗದಿದ್ದರೆ ಶೇ. 30ರ ತೆರಿಗೆ ಮತ್ತು ಆ ತೆರಿಗೆಯ ಮೂರು ಪಟ್ಟು ದಂಡ, ಅಂದರೆ ಆಸ್ತಿಯ ಬೆಲೆಯನ್ನೂ ಮೀರಿದ ಮೊತ್ತ. ಕೇಮನ್ ಧ್ವಜವಾಗಲಿ ಮಾಲ್ಟಾದ ಧ್ವಜವಾಗಲಿ ಇದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇಲ್ಲಿನ ನಿವಾಸಿಗಳಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಹೆಸರಾಂತ ಹೊರದೇಶದ ನೋಂದಣಿಗಳು ಭಾರತೀಯ ಪ್ರಜೆಯೊಬ್ಬರ ಸ್ವಂತ ಹೆಸರಿಗಿಂತ ಕಂಪನಿಯ ಹೆಸರಿನಲ್ಲಿ ನೌಕೆಯನ್ನು ನೋಂದಾಯಿಸಿಕೊಳ್ಳಲು ಸಿದ್ಧವಾಗಿರುತ್ತವೆ. ದಲ್ಲಾಳಿಗಳೂ ಒಂದು ಯಾಟ್‌ಗೆ ಒಂದು ಕಂಪನಿ ಎಂಬ ಸಿದ್ಧ ಮಾದರಿಯನ್ನೇ ಮುಂದಿಡುತ್ತಾರೆ. ಆದರೆ 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಮ್ಮ ಸಾಗರೋತ್ತರ ಹೂಡಿಕೆ ನಿಯಮಗಳು, ನಿವಾಸಿಗಳು ಹೂಡಿಕೆ ಮಾಡುವ ವಿದೇಶಿ ಸಂಸ್ಥೆ ನೈಜವಾದ ವ್ಯವಹಾರದಲ್ಲಿ ತೊಡಗಿರಬೇಕೆಂದು ಕೇಳುತ್ತವೆ. ಮನೆಯವರ ವಿಹಾರಕ್ಕಾಗಿ ಒಂದು ನೌಕೆಯನ್ನು ಇಟ್ಟುಕೊಳ್ಳುವುದರ ಹೊರತು ಬೇರೇನನ್ನೂ ಮಾಡದ ಕಂಪನಿಯನ್ನು ವ್ಯವಹಾರವೆಂದು ಸಮರ್ಥಿಸುವುದು ಕಷ್ಟ. ಆದ್ದರಿಂದ ಧ್ವಜವನ್ನು ಆರಿಸುವ ಮೊದಲು, ತಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯಿಂದ ಉದ್ದೇಶಿತ ಒಡೆತನದ ಸ್ವರೂಪಕ್ಕೆ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು. ಮೌಖಿಕ ಭರವಸೆ ಸಾಲದು. ಮಗನೋ ಮಗಳೋ ಹಲವು ವರ್ಷಗಳಿಂದ ಅನಿವಾಸಿಯಾಗಿದ್ದು, ಅಲ್ಲಿಯೇ ಗಳಿಸಿದ ಹಣದಲ್ಲಿ ಕೊಳ್ಳುವುದಾದರೆ ಈ ವಿಭಾಗದ ಬಹುಪಾಲು ಮಾತು ಅವರಿಗೆ ಅನ್ವಯಿಸುವುದಿಲ್ಲ. ಮಲೆನಾಡಿನ ಕುಟುಂಬಗಳಿಗೆ ಅತ್ಯಂತ ಕಡಿಮೆ ತೊಡಕಿನ ದಾರಿಯೂ ಅದೇ.

ನೌಕೆ ಎಲ್ಲಿರುತ್ತದೆ

ಗೊರೂರಿನ ಹೇಮಾವತಿ ಹಿನ್ನೀರಿನಲ್ಲೋ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲೋ ಓಡಿಸುವ ದೋಣಿಗೆ ಧ್ವಜದ ಪ್ರಶ್ನೆಯೇ ಬರುವುದಿಲ್ಲ, ಅದು 2021ರ ಒಳನಾಡು ನೌಕಾ ಕಾಯ್ದೆಯ ವ್ಯಾಪ್ತಿಗೆ ಸೇರಿದ್ದು.

ಮಲ್ಪೆ, ಗೋವಾ ಅಥವಾ ಕೊಚ್ಚಿಯಲ್ಲಿ ನೌಕೆಯನ್ನು ಇಡುವ ಉದ್ದೇಶವಿರುವವರು ಹೊರದೇಶದ ಧ್ವಜದ ಯೋಚನೆಯನ್ನು ಬಿಡುವುದೇ ಲೇಸು. ಇಲ್ಲಿನ ನಿವಾಸಿಯೊಬ್ಬರು ಇಲ್ಲಿಯೇ ಇಟ್ಟುಕೊಂಡು ಬಳಸುವ ವಿದೇಶಿ ಯಾಟ್ ಯಾವ ಧ್ವಜ ಹೊತ್ತಿದ್ದರೂ ಆಮದು ಮಾಡಿಕೊಂಡ ವಸ್ತುವೇ. ಸೀಮಾ ಸುಂಕದ ಮೇಲೆ ಜಿಎಸ್‌ಟಿ ಬೀಳುತ್ತದೆ, ಮತ್ತು 2025ರ ಸೆಪ್ಟೆಂಬರ್ 22ರಿಂದ ವಿಹಾರ ನೌಕೆಗಳು ಶೇ. 40ರ ಅತ್ಯುನ್ನತ ದರಕ್ಕೆ ಸೇರಿವೆ. ಸುಂಕವನ್ನು ಹೇಗೂ ಕಟ್ಟಿದ ಮೇಲೆ ಹೊರಗಿನ ಧ್ವಜದಿಂದ ಸಿಗುವ ಲಾಭವೇನೂ ಉಳಿಯುವುದಿಲ್ಲ; ಬಂದರಿಗೆ ಬಂದಾಗಲೆಲ್ಲ ಹೆಚ್ಚಿನ ವಿಚಾರಣೆ, ಬಾಡಿಗೆಗೆ ಓಡಿಸಬೇಕಾದರೆ ಕರಾವಳಿ ಸಂಚಾರದ ಪರವಾನಗಿ ಇವು ಸೇರಿಕೊಳ್ಳುತ್ತವೆ. 2008ರ ಮುಂಬೈ ದಾಳಿಯ ನಂತರ ನಮ್ಮ ಕರಾವಳಿಯಲ್ಲಿ ಸಣ್ಣ ನೌಕೆಗಳ ಮೇಲಿನ ನಿಗಾ ಬಿಗಿಯಾಗಿರುವುದು ನ್ಯಾಯವೇ ಆಗಿದೆ. 1958ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯನ್ನು ತಂದು ಒಡೆತನದ ಷರತ್ತುಗಳನ್ನು ಸಡಿಲಿಸಿರುವುದರಿಂದ ಭಾರತೀಯ ನೋಂದಣಿ ಮೊದಲಿನಷ್ಟು ಇಕ್ಕಟ್ಟಿನದೂ ಅಲ್ಲ.

ಹೊರದೇಶದ ಧ್ವಜಕ್ಕೆ ನಿಜವಾದ ಬೆಲೆ ಬರುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಐರೋಪ್ಯ ಒಕ್ಕೂಟದ ಹೊರಗಿನ ನಿವಾಸಿಯೊಬ್ಬರು, ಒಕ್ಕೂಟದ ಹೊರಗೆ ನೋಂದಾಯಿತವಾದ ಯಾಟ್ ಅನ್ನು ಖಾಸಗಿ ಬಳಕೆಗಾಗಿ ತಂದರೆ, ಮೌಲ್ಯವರ್ಧಿತ ತೆರಿಗೆಯನ್ನೂ ಸುಂಕವನ್ನೂ ಕಟ್ಟದೆ 18 ತಿಂಗಳವರೆಗೆ ಅಲ್ಲಿ ಇರಿಸಬಹುದು. ತಾತ್ಕಾಲಿಕ ಪ್ರವೇಶವೆಂದು ಈ ಸೌಲಭ್ಯಕ್ಕೆ ಹೆಸರು. ಅಲ್ಲಿನ ತೆರಿಗೆ ಇಟಲಿಯಲ್ಲಿ ಶೇ. 22, ಗ್ರೀಸಿನಲ್ಲಿ ಶೇ. 24, ಕ್ರೊಯೇಷಿಯಾದಲ್ಲಿ ಶೇ. 25 ಎಂದಮೇಲೆ ಇದು ಎಷ್ಟು ದೊಡ್ಡ ವಿನಾಯಿತಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅವಧಿ ಮುಗಿಯುವ ಮೊದಲು ನೌಕೆ ಟರ್ಕಿಗೋ ಟ್ಯುನೀಸಿಯಾಕ್ಕೋ ಹೋಗಿ, ಹೋದದ್ದಕ್ಕೆ ದಾಖಲೆ ಇಟ್ಟುಕೊಂಡು ಮರಳಿದರೆ ಹೊಸ ಅವಧಿ ಆರಂಭವಾಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ವಾಸ, ಪಾಸ್‌ಪೋರ್ಟ್ ಅಲ್ಲ: ಭಾರತದ ಪಾಸ್‌ಪೋರ್ಟ್ ಇದ್ದರೂ ಜರ್ಮನಿಯಲ್ಲಿ ಕೆಲಸದ ಮೇಲೆ ನೆಲೆಸಿರುವ ಹಾಸನದ ಎಂಜಿನಿಯರ್‌ಗೆ ಈ ಸೌಲಭ್ಯ ಸಿಗುವುದಿಲ್ಲ, ಹಾಸನದಲ್ಲಿಯೇ ಇರುವ ಅವರ ತಂದೆಗೆ ಸಿಗುತ್ತದೆ. ನೌಕೆಯನ್ನು ಬಾಡಿಗೆಗೆ ಕೊಟ್ಟ ಕ್ಷಣ ಸೌಲಭ್ಯ ತಪ್ಪುತ್ತದೆ.

ಧ್ವಜ ಧ್ವಜಗಳ ನಡುವೆ

ಮೇಲಿನ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕವರ ಮುಂದೆ ಉಳಿಯುವ ಧ್ವಜಗಳು ಹೆಚ್ಚಿರುವುದಿಲ್ಲ. ದೊಡ್ಡ ಯಾಟ್‌ಗಳ ಲೋಕದಲ್ಲಿ ಅತಿ ಹೆಚ್ಚು ಗೌರವವಿರುವುದು ಕೆಂಪು ಧ್ವಜದ ಬಳಗಕ್ಕೆ. ಬ್ರಿಟನ್, ಅದರ ಅಧೀನದ ದ್ವೀಪಗಳು ಮತ್ತು ಸಾಗರೋತ್ತರ ಪ್ರದೇಶಗಳು ಸೇರಿದ ಈ ಬಳಗದಲ್ಲಿ ಕೇಮನ್, ಬರ್ಮುಡಾ, ಬ್ರಿಟಿಷ್ ವರ್ಜಿನ್ ದ್ವೀಪಗಳು, ಜಿಬ್ರಾಲ್ಟರ್, ಐಲ್ ಆಫ್ ಮ್ಯಾನ್ ಮತ್ತು ಬ್ರಿಟನ್ ಮೊದಲನೆಯ ವರ್ಗದವು, ಅಂದರೆ ಎಷ್ಟು ಟನ್ನಿನ ನೌಕೆಯನ್ನಾದರೂ ನೋಂದಾಯಿಸಬಲ್ಲವು. ಗರ್ನ್ಸಿ, ಜರ್ಸಿಯಂಥ ಎರಡನೆಯ ವರ್ಗದವಕ್ಕೆ ಖಾಸಗಿ ಯಾಟ್‌ಗಳ ವಿಷಯದಲ್ಲಿ 400 ಗ್ರಾಸ್ ಟನ್ನಿನ (ಇದು ತೂಕವಲ್ಲ, ನೌಕೆಯ ಒಳಗಾತ್ರದ ಅಳತೆ) ಮಿತಿಯಿದೆ. 2019ರ ಜನವರಿ 1ರಿಂದ ಬಳಗದ ಎಲ್ಲ ನೋಂದಣಿಗಳೂ ಒಂದೇ ಯಾಟ್ ಸಂಹಿತೆಯನ್ನು ಅನುಸರಿಸುತ್ತಿವೆ. ವಿಮಾ ಕಂಪನಿಗಳೂ ಸಾಲ ಕೊಡುವ ಬ್ಯಾಂಕುಗಳೂ ಕೇಮನ್ ಹಾಗೂ ಐಲ್ ಆಫ್ ಮ್ಯಾನ್‌ನ ಅಡಮಾನ ದಾಖಲೆಯನ್ನು ಸುಲಭವಾಗಿ ಒಪ್ಪುತ್ತವೆ, ಮುಂದೆ ಮಾರುವಾಗ ಕೊಳ್ಳುವವರಿಗೂ ಧೈರ್ಯವಿರುತ್ತದೆ. ಕೇಮನ್ ದ್ವೀಪಗಳು ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆಯ ಬೂದು ಪಟ್ಟಿಯಿಂದ (ಅಕ್ರಮ ಹಣದ ತಡೆಯಲ್ಲಿ ಕೊರತೆಯಿರುವ ದೇಶಗಳ ಪಟ್ಟಿ) 2023ರ ಅಕ್ಟೋಬರ್‌ನಲ್ಲಿ ಹೊರಬಂದಿರುವುದರಿಂದ ಬ್ಯಾಂಕುಗಳ ವಿಚಾರಣೆಯೂ ಸ್ವಲ್ಪ ಹಗುರಾಗಿದೆ. ಇದರ ದೌರ್ಬಲ್ಯ ಆಗಲೇ ಹೇಳಿದ್ದು: ಭಾರತೀಯರಿಗೆ ಇದು ಹೆಚ್ಚಾಗಿ ಕಂಪನಿಯ ದಾರಿ.

ಬ್ರಿಟನ್ನಿನಲ್ಲಿಯೇ ನೆಲೆಸಿರುವವರಿಗೆ ಇನ್ನೊಂದು ಅಗ್ಗದ ಆಯ್ಕೆಯಿದೆ. ಅಲ್ಲಿನ ಸಣ್ಣ ನೌಕೆಗಳ ನೋಂದಣಿಯು 24 ಮೀಟರ್‌ಗಿಂತ ಕಡಿಮೆ ಉದ್ದದ ನೌಕೆಗೆ ಐದು ವರ್ಷಗಳ ಅವಧಿಗೆ ಧ್ವಜವನ್ನು ಕೊಡುತ್ತದೆ, ಸರ್ವೇ, ಅಂದರೆ ತಜ್ಞರಿಂದ ನೌಕೆಯ ಅಳತೆ, ಕೂಡ ಬೇಡ. ಆದರೆ ಅದು ಒಡೆತನದ ಪುರಾವೆಯಲ್ಲ, ಅದರಲ್ಲಿ ಅಡಮಾನವನ್ನು ದಾಖಲಿಸಲೂ ಬರುವುದಿಲ್ಲ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನು ನಮ್ಮದೆಂದು ಸಿದ್ಧವಾಗದೆ ಕ್ರಯಪತ್ರವನ್ನೇ ತೋರಿಸಬೇಕಾಗುವ ಹಾಗೆ, ಇಲ್ಲಿಯೂ ಮಾರಾಟ ಪತ್ರಗಳ ಸರಪಣಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಒಡೆತನವನ್ನೇ ದಾಖಲಿಸುವ ಬ್ರಿಟಿಷ್ ನೋಂದಣಿ ಬೇರೆ. ಅದಕ್ಕೆ ಸರ್ವೇ ಬೇಕು, ನೌಕೆಯ ಅಧಿಕೃತ ಸಂಖ್ಯೆಯನ್ನು ಅದರ ಮೈಮೇಲೆ ಕಾಯಮ್ಮಾಗಿ ಕೆತ್ತಿ ಪ್ರಮಾಣೀಕರಿಸಬೇಕು.

ಮಾಲ್ಟಾವನ್ನು ಹಲವರು ಕೇಮನ್‌ನ ಜೊತೆ ಒಂದೇ ಸಾಲಿನಲ್ಲಿ ಇಡುತ್ತಾರೆ, ಅದು ಸರಿಯಲ್ಲ. ಮಾಲ್ಟಾ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರ, ಒಕ್ಕೂಟದ ಅತಿ ದೊಡ್ಡ ಹಡಗು ನೋಂದಣಿಯೂ ಅದರದೇ. ಹೀಗಾಗಿ ಮಾಲ್ಟಾ ಧ್ವಜದ ಯಾಟ್‌ಗೆ ತಾತ್ಕಾಲಿಕ ಪ್ರವೇಶದ ಸೌಲಭ್ಯ ಸಿಗುವುದಿಲ್ಲ. ಶೇ. 18ರ ತೆರಿಗೆಯನ್ನು ಅಲ್ಲಿ ಕಟ್ಟಿ ನೌಕೆಯನ್ನು ಖಾಯಮ್ಮಾಗಿ ಐರೋಪ್ಯ ನೀರಿನಲ್ಲಿ ಇರಿಸುವವರಿಗೆ, ಅಥವಾ ಬೇಸಿಗೆಯಲ್ಲಿ ಬಾಡಿಗೆಗೆ ಕೊಟ್ಟು ಖರ್ಚಿನ ಒಂದು ಪಾಲನ್ನು ಎತ್ತಬೇಕೆನ್ನುವವರಿಗೆ ಮಾಲ್ಟಾ ಒಳ್ಳೆಯದು. ಆರು ತಿಂಗಳ ತಾತ್ಕಾಲಿಕ ನೋಂದಣಿ ಬೇಗ ಸಿಗುತ್ತದೆ, ಮಾಲ್ಟಾದ ಹೊರಗಿನ ಕಂಪನಿಯಾದರೆ ಅಲ್ಲಿ ಒಬ್ಬ ಸ್ಥಾನಿಕ ಪ್ರತಿನಿಧಿಯನ್ನು ನೇಮಿಸಬೇಕು. ಚಿಕ್ಕಮಗಳೂರಿನಲ್ಲಿ ವಾಸಿಸುತ್ತ ವರ್ಷಕ್ಕೆ ಒಂದೆರಡು ಬಾರಿ ಗ್ರೀಸಿನ ದ್ವೀಪಗಳಲ್ಲಿ ತಾವೇ ವಿಹರಿಸಲು ಬಯಸುವ ಕುಟುಂಬಕ್ಕೆ ಮಾಲ್ಟಾ ಧ್ವಜವನ್ನು ಯಾರಾದರೂ ಸೂಚಿಸಿದರೆ, ಕಾರಣವೇನೆಂದು ಲಿಖಿತವಾಗಿ ಕೇಳುವುದು ಒಳಿತು.

ಮಾರ್ಷಲ್ ದ್ವೀಪಗಳ ನೋಂದಣಿ ನಡೆಯುವುದು ಅಮೆರಿಕದ ವರ್ಜೀನಿಯಾ ರಾಜ್ಯದಿಂದ, ಮತ್ತು ಅದರ ಕಚೇರಿಗಳ ಜಾಲ ಜಗತ್ತಿನಾದ್ಯಂತ ಇದೆ. ಒಕ್ಕೂಟದ ಹೊರಗಿನ ಧ್ವಜವಾದ್ದರಿಂದ ತಾತ್ಕಾಲಿಕ ಪ್ರವೇಶಕ್ಕೆ ಅಡ್ಡಿಯಿಲ್ಲ. ಇದರ ವಿಶೇಷವೆಂದರೆ, ಸುರಕ್ಷತೆಯ ವಿಷಯದಲ್ಲಿ ವಾಣಿಜ್ಯ ಯಾಟ್‌ನ ಮಟ್ಟವನ್ನು ಮುಟ್ಟಿದ ದೊಡ್ಡ ಖಾಸಗಿ ಯಾಟ್ ಒಂದು ಯೋಜನೆಯಡಿ ಕೆಲವು ಐರೋಪ್ಯ ದೇಶಗಳಲ್ಲಿ ವರ್ಷಕ್ಕೆ 84 ದಿನಗಳವರೆಗೆ ಬಾಡಿಗೆಗೆ ಹೋಗಬಹುದು. ದೊಡ್ಡ ನೌಕೆಯ ಮಾಲೀಕರಿಗೆ ಇದು ಮಾಲ್ಟಾಕ್ಕಿಂತ ಹೊಂದುವ ಮಧ್ಯದ ದಾರಿ. ಹದಿನೈದು ಮೀಟರಿನ ಹಾಯಿದೋಣಿಗೆ ಅದರ ಅಗತ್ಯವಿಲ್ಲ.

ಪನಾಮ ಯಾವ ದೇಶದ ವ್ಯಕ್ತಿಯನ್ನಾದರೂ ಸ್ವಂತ ಹೆಸರಿನಲ್ಲಿ ಮಾಲೀಕರನ್ನಾಗಿ ಒಪ್ಪುತ್ತದೆ, ಹಾಗಾಗಿ ಕಂಪನಿಯ ತೊಡಕನ್ನು ತಪ್ಪಿಸಿಕೊಳ್ಳಬೇಕಾದ ನಮ್ಮ ನಿವಾಸಿಗಳಿಗೆ ಅದು ಕಾಗದದ ಮೇಲೆ ಆಕರ್ಷಕ. 1920ರ ದಶಕದಲ್ಲಿ ಅಮೆರಿಕದ ಪ್ರಯಾಣಿಕ ಹಡಗುಗಳು ಮದ್ಯನಿಷೇಧವನ್ನು ತಪ್ಪಿಸಿಕೊಳ್ಳಲು ಪನಾಮದ ಧ್ವಜವನ್ನು ಏರಿಸಿದ್ದವು. ಅನುಕೂಲದ ಧ್ವಜವೆಂಬ ಹೆಸರು ಅದಕ್ಕೆ ಅಂದಿನಿಂದ ಅಂಟಿಕೊಂಡೇ ಬಂದಿದೆ. ಬಂದರುಗಳ ತಪಾಸಣೆಯ ಫಲಿತಾಂಶವನ್ನು ನೋಡಿ ಧ್ವಜಗಳನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸುವ ಪ್ಯಾರಿಸ್ ಒಡಂಬಡಿಕೆಯ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಅದು ಬಿಳಿಯಿಂದ ಬೂದಿಗೆ ಇಳಿದದ್ದುಂಟು. ಖಾಸಗಿ ಯಾಟ್ ಅನ್ನು ಇದಕ್ಕಾಗಿಯೇ ತಡೆಯುವುದು ಅಪರೂಪವಾದರೂ ವಿಮೆಯ ಕಂತು ಮತ್ತು ಮರುಮಾರಾಟದ ಬೆಲೆಯಲ್ಲಿ ಅದರ ನೆರಳು ಕಾಣುತ್ತದೆ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲವೆಂಬ ಕಾರಣಕ್ಕೆ ಅಲ್ಲಿನ ನೋಂದಣಿಯನ್ನು ಮುಂದಿಡುವವರೂ ಇದ್ದಾರೆ. ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಕೇಂದ್ರ ಮಟ್ಟದ ದಾಖಲೆ ಅಲ್ಲಿನ ಪ್ರಜೆಗಳ ಒಡೆತನದ ನೌಕೆಗಳಿಗೆ ಮಾತ್ರ. ರಾಜ್ಯ ಮಟ್ಟದ ಸಂಖ್ಯೆಯನ್ನು ಬೇರೆ ದೇಶದ ಬಂದರು ಅಧಿಕಾರಿ ನೌಕೆಯ ರಾಷ್ಟ್ರೀಯತೆಯ ಪುರಾವೆಯೆಂದು ಒಪ್ಪಲೇಬೇಕೆಂದಿಲ್ಲ. ನಮ್ಮವರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ಉದ್ದ, ಬಾಡಿಗೆ, ಕಾಗದಪತ್ರ

24 ಮೀಟರ್ ಎಂಬ ಗೆರೆಯನ್ನು ದಾಟುವ ಮೊದಲು ಎರಡು ಬಾರಿ ಯೋಚಿಸಬೇಕು. ಆ ಗೆರೆಯಾಚೆಗೆ 1969ರ ಅಂತರರಾಷ್ಟ್ರೀಯ ಒಪ್ಪಂದದಂತೆ ಟನ್ನೇಜ್ ಅಳತೆ ಕಡ್ಡಾಯ, ಬಾಡಿಗೆಗೆ ಓಡುವ ನೌಕೆಯಾದರೆ ದೊಡ್ಡ ಯಾಟ್‌ಗಳ ಸಂಹಿತೆ ಪೂರ್ತಿಯಾಗಿ ಅನ್ವಯವಾಗುತ್ತದೆ. ಪ್ರಯಾಣಿಕರು ಹನ್ನೆರಡನ್ನು ಮೀರಿದರೆ ಅದು ಪ್ರಯಾಣಿಕ ಹಡಗೆಂದೇ ಪರಿಗಣಿತವಾಗುವುದರಿಂದ, ಮದುವೆಯ ನೆಪದಲ್ಲಿ ಬಂಧುಬಳಗವನ್ನೆಲ್ಲ ಹತ್ತಿಸಿಕೊಂಡು ಹೊರಡುವ ಯೋಜನೆ ಬೇಡ. ಬಾಡಿಗೆಯ ಯಾಟ್‌ನ ಸಿಬ್ಬಂದಿಗೆ 2013ರಿಂದ ಜಾರಿಯಲ್ಲಿರುವ ಕಡಲ ಕಾರ್ಮಿಕ ಒಪ್ಪಂದದ ಸಂಬಳ, ವಿಶ್ರಾಂತಿ, ವಾಪಸಾತಿಯ ನಿಯಮಗಳೂ ಅನ್ವಯಿಸುತ್ತವೆ.

ಹಳೆಯ ನೌಕೆಯನ್ನು ಕೊಳ್ಳುವವರು ಮಾರಾಟ ಪತ್ರ, ಋಣಮುಕ್ತ ಪ್ರಮಾಣಪತ್ರ ಮತ್ತು ಹಿಂದಿನ ಧ್ವಜದಿಂದ ಹೆಸರು ತೆಗೆದುಹಾಕಿದ ಪ್ರಮಾಣಪತ್ರ ಈ ಮೂರೂ ಕೈಸೇರುವ ತನಕ ಕೊನೆಯ ಕಂತನ್ನು ಕೊಡಬಾರದು. ಹಿಂದಿನ ನೋಂದಣಿ ಮುಚ್ಚದೆ ಹೊಸ ಧ್ವಜ ಪೂರ್ಣವಾಗಿ ಸಿಗುವುದಿಲ್ಲ. ಹಾಸನದಲ್ಲಿ ನೋಟರಿಯ ಮುಂದೆ ಸಹಿ ಮಾಡಿದ ಅಧಿಕಾರ ಪತ್ರಕ್ಕೆ ಹೊರದೇಶದಲ್ಲಿ ಒಪ್ಪುವಂತೆ ದೃಢೀಕರಿಸುವ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು, ಅದಕ್ಕೆ ತಗಲುವ ದಿನಗಳನ್ನು ಒಪ್ಪಂದದ ಗಡುವಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಕೊನೆಯದಾಗಿ ರೇಡಿಯೊ. ನೌಕೆಯ ಒಂಬತ್ತು ಅಂಕಿಯ ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿಗಳು ಧ್ವಜರಾಷ್ಟ್ರವನ್ನು ಸೂಚಿಸುತ್ತವೆ, ಭಾರತಕ್ಕೆ 419, ಕೇಮನ್‌ಗೆ 319, ಮಾರ್ಷಲ್ ದ್ವೀಪಗಳಿಗೆ 538. ಧ್ವಜ ಬದಲಾದಾಗ ರೇಡಿಯೊ ಪರವಾನಗಿಯನ್ನು ಹೊಸದಾಗಿ ಪಡೆದು, ರೇಡಿಯೊ, ನೌಕೆಯ ಸ್ಥಾನವನ್ನು ಬಿತ್ತರಿಸುವ ಸಾಧನ ಮತ್ತು ಅಪಾಯ ಸೂಚಕ ಬೀಕನ್ ಈ ಮೂರನ್ನೂ ಹೊಸ ಸಂಖ್ಯೆಗೆ ಹೊಂದಿಸಬೇಕು. ಬೀಕನ್ ಹಳೆಯ ಸಂಖ್ಯೆಯಲ್ಲೇ ಉಳಿದರೆ ಅಪಾಯದ ಕರೆ ಹೋಗಿ ಮುಟ್ಟುವುದು ಹಿಂದಿನ ಧ್ವಜದ ದೇಶಕ್ಕೆ, ಅಲ್ಲಿನ ದಾಖಲೆಯಲ್ಲಿ ಸಿಗುವುದು ಹಿಂದಿನ ಮಾಲೀಕರ ದೂರವಾಣಿ ಸಂಖ್ಯೆ.